ಕಾಗದದಲ್ಲಿ ಇಲ್ಲದ ಪ್ಯಾರಾ

ಕಣ್ಣಾಸ್ಪತ್ರೆಯಿಂದ ಮನೆಗೆ ಹೊರಡುವ ರೋಗಿಗೆ ಒಂದು ಪತ್ರ ಕೊಡುತ್ತಾರೆ. ಯಾವ ಹನಿಯನ್ನು ಯಾವ ಹೊತ್ತಿಗೆ ಹಾಕಬೇಕು, ಹೇಗೆ ಮಲಗಬೇಕು, ಏನು ಮಾಡಬಾರದು ಎಂಬುದೆಲ್ಲ ಅದರಲ್ಲಿರುತ್ತದೆ. ತೊಡಕೆಂದರೆ, ಪತ್ರ ಕೈಗೆ ಬರುವ ಹೊತ್ತಿಗೆ ಅದನ್ನು ಓದಬೇಕಾದವರ ಒಂದು ಕಣ್ಣು ಪಟ್ಟಿಯ ಕೆಳಗಿರುತ್ತದೆ, ಇನ್ನೊಂದು ನೀರು ಸುರಿಸುತ್ತಿರುತ್ತದೆ. ಹಾಗಾಗಿ ಆ ಆಸ್ಪತ್ರೆಯಲ್ಲಿ ಹಳೆಯದೊಂದು ಕ್ರಮವಿತ್ತು. ಪತ್ರ ಕೊಡುವ ಮುನ್ನ ರೋಗಿಯ ಎದುರು ನಿಂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಇಪ್ಪತ್ತಾರು ವರ್ಷಗಳಿಂದ ಹಾಗೆ ಓದುತ್ತ ಬಂದ ಹೆಂಗಸನ್ನು ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಓದಕ್ಕ ಎಂದೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಮಾತ್ರ ಅವರು ಬೆರಳಚ್ಚುಗಾರ್ತಿ.

ಅವರ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವನು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ನಲವತ್ತು ದಾಟಿದ್ದ, ಕೆಲಸದಲ್ಲಿ ಚುರುಕಾಗಿದ್ದ. ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧಕ್ಕೇ "ಆಯ್ತು, ಆಯ್ತು" ಎನ್ನುತ್ತಿದ್ದುದರಿಂದ ಆಯ್ತಪ್ಪ ಎಂಬ ಹೆಸರು ಅಂಟಿತ್ತು. ಸೇರಿ ಮೂರು ವರ್ಷವಾದರೂ ಓದಕ್ಕನನ್ನು ಅವನು ಸರಿಯಾಗಿ ನೋಡಿರಲಿಲ್ಲ. ಗೋಡೆಯ ಮೇಲಿನ ಗಡಿಯಾರ ಸರಿಯಾಗಿ ನಡೆಯುತ್ತಿದ್ದರೆ ಯಾರೂ ಅದರ ಮುಖವನ್ನು ನೋಡುವುದಿಲ್ಲ, ಹೊತ್ತನ್ನಷ್ಟೇ ನೋಡುತ್ತಾರೆ.

ಓದಕ್ಕನ ತಂದೆ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಕೈಬರಹದ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯಬೇಕು. ಓದುವ ಕೆಲಸಕ್ಕೆ ಬೇರೆ ಜನ ಸಿಗದೆ ಅವರು ಮಗಳನ್ನೇ ಕೂರಿಸಿಕೊಂಡರು. ಹತ್ತನೆಯ ವಯಸ್ಸಿನಿಂದ ಹತ್ತೊಂಬತ್ತರ ತನಕ ಆಕೆ ಶಾಲೆ ಬಿಟ್ಟ ಮೇಲೆ ದಿನಕ್ಕೆ ಎರಡು ಗಂಟೆ ಓದಿದರು. ರೈಲುಗಳ ವೇಳಾಪಟ್ಟಿ, ಔಷಧಗಳ ಪಟ್ಟಿ, ಟೆಲಿಫೋನ್ ಡೈರೆಕ್ಟರಿ, ಯಾರದೋ ಆತ್ಮಕಥೆ, ಎಲ್ಲವನ್ನೂ ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ. ಮೂರು ಸಲ ಓದಿದ್ದು ಮರೆಯದಂತಾದದ್ದು ಅಲ್ಲಿಯೇ. ಅದು ತಮ್ಮ ಜಾಣತನವೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. "ಒಂದೇ ದಾರಿಯಲ್ಲಿ ದಿನಾ ನಡೆದರೆ ಕಾಲಿಗೆ ಕಲ್ಲೆಲ್ಲ ಗೊತ್ತಾಗುತ್ತೆ, ಅಷ್ಟೇ" ಎನ್ನುತ್ತಿದ್ದರು.

ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಪತ್ರಗಳನ್ನು ತುಣುಕು ಮಾಡಿದವರು ಅವರೇ. ಪ್ರತಿ ಸೂಚನೆಯನ್ನೂ ಬೇರೆ ಬೇರೆ ಕಡತದಲ್ಲಿ ಇಟ್ಟು ನಂಬರು ಕೊಟ್ಟರು. ಅಂಥವು ನೂರಹದಿನಾಲ್ಕು. ಪತ್ರದ ಮಾದರಿಯಲ್ಲಿ, ಎಲ್ಲರೂ ಟೆಂಪ್ಲೇಟ್ ಎನ್ನುವ ಆ ಚೌಕಟ್ಟಿನಲ್ಲಿ, ಸೂಚನೆಯ ಬದಲು 'ಇಲ್ಲಿಗೆ ನಲವತ್ತೇಳನೆಯ ತುಣುಕನ್ನು ತಾ' ಎಂಬ ಅಪ್ಪಣೆ ಮಾತ್ರ ಇರುತ್ತಿತ್ತು. ಡಾಕ್ಟರು ಹನಿಯ ಪ್ರಮಾಣ ಬದಲಿಸಿದರೆ ಒಂದು ಕಡೆ ತಿದ್ದಿದರೆ ಸಾಕು, ಎಲ್ಲ ಪತ್ರಗಳಲ್ಲೂ ತಿದ್ದಿದಂತೆ. ತುಣುಕು ಸಿಗದೇ ಹೋದರೆ? ಅದಕ್ಕೂ ಅವರು ಯೋಚಿಸಿದ್ದರು. ಹಾಗಾದಾಗ ಆ ಜಾಗದಲ್ಲಿ ಬೆರಳು ದಪ್ಪದ ಕಪ್ಪು ಚೌಕ ಮೂಡಿ, ಅದರೊಳಗೆ ಹೀಗೆ ಅಚ್ಚಾಗುತ್ತಿತ್ತು: 'ಇಲ್ಲಿಗೆ ಬರಬೇಕಾದದ್ದು ಬಂದಿಲ್ಲ. ಈ ಪತ್ರವನ್ನು ಯಾರಿಗೂ ಕೊಡಬೇಡಿ.' ಬಳಕೆ ತಪ್ಪಿದ ಹಳೆಯ ತುಣುಕುಗಳನ್ನು ಅವರು ಅಳಿಸುತ್ತಿರಲಿಲ್ಲ, ಒಳಗಿನದನ್ನು ತೆಗೆದು ಖಾಲಿ ಕಡತವನ್ನು ಹಾಗೆಯೇ ಬಿಡುತ್ತಿದ್ದರು. ಹುಡುಕಿಕೊಂಡು ಬಂದ ಟೆಂಪ್ಲೇಟಿಗೆ ಮನೆ ಸಿಗಬೇಕು, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಚಿಂತೆಯಿಲ್ಲ ಎಂಬುದು ಅವರ ಲೆಕ್ಕ.

ಒಂದು ಭಾನುವಾರ ಆಯ್ತಪ್ಪ ಎಲ್ಲವನ್ನೂ ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಸಾಗಿಸಿದ. ಪರೀಕ್ಷೆಗೆಂದು ಇಪ್ಪತ್ತು ಪತ್ರ ಮುದ್ರಿಸಿದರೆ ಎಲ್ಲೆಲ್ಲೂ ಕಪ್ಪು ಚೌಕಗಳು. ನೋಡಿದರೆ, ಸಾಗಿಸುವ ಸಾಫ್ಟ್‌ವೇರ್ ಖಾಲಿ ಕಡತಗಳನ್ನೆಲ್ಲ ಹಿಂದೆಯೇ ಬಿಟ್ಟು ಬಂದಿತ್ತು. ಖಾಲಿ ಕಡತ ಬಂದರೆಷ್ಟು, ಬಿಟ್ಟರೆಷ್ಟು ಎಂದುಕೊಂಡ ಅವನು ಟೆಂಪ್ಲೇಟಿಗೆ ಒಂದೇ ಒಂದು ಸಾಲು ಸೇರಿಸಿದ: ತುಣುಕು ಸಿಗದಿದ್ದರೆ ಸದ್ದಿಲ್ಲದೆ ಮುಂದಕ್ಕೆ ಹೋಗು. ಚೌಕಗಳೆಲ್ಲ ಮಾಯವಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತೆಂದು ಅವನಿಗೆ ಆಗ ಹೊಳೆಯಲಿಲ್ಲ.

ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿತ್ತು. ಕಣ್ಣಿನ ಹಿಂಬದಿಯ ಪರದೆಗೆ, ಅಂದರೆ ರೆಟಿನಾಕ್ಕೆ, ಸಂಬಂಧಿಸಿದ ಹನ್ನೊಂದು ತುಣುಕುಗಳನ್ನು ಆ ವಿಭಾಗದ ಡಾಕ್ಟರಮ್ಮ ಆಗಾಗ ತಿದ್ದಿಸುತ್ತಿದ್ದುದರಿಂದ ಓದಕ್ಕ ಅವುಗಳನ್ನು ಹಳೆಯ ಯಂತ್ರದ ಬೇರೊಂದು ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಭಾನುವಾರ ಹಳೆಯ ಯಂತ್ರ ಇನ್ನೂ ಓಡುತ್ತಿದ್ದುದರಿಂದ ಟೆಂಪ್ಲೇಟ್ ಅಲ್ಲಿಗೇ ಹೋಗಿ ಅವುಗಳನ್ನು ತಂದಿತ್ತು. ಸೋಮವಾರ ಬೆಳಗ್ಗೆ ಎಂಟೂವರೆಗೆ ಆಯ್ತಪ್ಪ ಹಳೆಯ ಯಂತ್ರವನ್ನು ಆರಿಸಿ, ಅದರ ಮೇಲೊಂದು ಬಟ್ಟೆ ಹೊದಿಸಿದ.

ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು, ಯಾರೂ ಏನೂ ಹೇಳಲಿಲ್ಲ. ಬುಧವಾರ ಮಧ್ಯಾಹ್ನ ಮೂರೂಕಾಲಿಗೆ ಒಬ್ಬ ಬಡಗಿಯ ಮಗ ತಂದೆಯ ಪತ್ರ ಹಿಡಿದು ಕೌಂಟರಿಗೆ ಬಂದ.

"ಅಕ್ಕ, ದಿನಕ್ಕೆ ಎಷ್ಟು ಗಂಟೆ ಬೋರಲು ಮಲಗ್ಬೇಕು ಅಂತ ಮೊನ್ನೆ ನೀವು ಓದಿದ್ರಲ್ಲ. ಅಪ್ಪ ಹತ್ತು ಅಂತಾರೆ, ಅಮ್ಮ ಹದಿನಾರು ಅಂತಾರೆ. ಬೆಳಗ್ಗಿಂದ ಅದೇ ಜಗಳ. ಕಾಗದ ನೋಡಿ ತೀರ್ಮಾನ ಮಾಡೋಣ ಅಂದ್ರೆ ಕಾಗದದಲ್ಲಿ ಆ ಮಾತೇ ಇಲ್ಲ."

"ಇಲ್ದೆ ಎಲ್ಲಿಗೆ ಹೋಗುತ್ತೆ? ಕೊಡಿ ಇಲ್ಲಿ. ಹದಿನಾರು ಗಂಟೆ. ನೋಡಿ, ಇಲ್ಲೇ..." ಎಂದು ಬೆರಳಿಟ್ಟರು ಓದಕ್ಕ. ಬೆರಳು ಬಿಳಿಯ ಜಾಗದ ಮೇಲೆ ನಿಂತಿತು.

"ಹಂಗಾದ್ರೆ ಅಮ್ಮ ಗೆದ್ರು ಅನ್ನಿ," ಎಂದ ಅವನು.

"ಗೆದ್ರು. ನಾನು ಸೋತೆ," ಎಂದರು ಓದಕ್ಕ. ಹದಿನಾರು ಗಂಟೆ ಎಂದು ಪತ್ರದ ಮೇಲೆ ಕೈಯಲ್ಲೇ ಬರೆದು ಅವನನ್ನು ಕಳಿಸಿ, "ಆಯ್ತಪ್ಪ, ಬಾ ಇಲ್ಲಿ" ಎಂದು ಕರೆದರು.

ಮೇಜಿನ ಕೆಳಗೆ ವೈರು ಜೋಡಿಸುತ್ತಿದ್ದ ಆಯ್ತಪ್ಪ ಎದ್ದು ಬಂದ. ಪತ್ರದ ಇನ್ನೊಂದು ಪ್ರತಿಯನ್ನು ನೋಡಿದ. ಭಾನುವಾರ ತಾನು ಸೇರಿಸಿದ ಸಾಲು ನೆನಪಾಯಿತು, ಬಟ್ಟೆ ಹೊದ್ದ ಯಂತ್ರ ಕಣ್ಣಿಗೆ ಬಿತ್ತು. ಒಂದಕ್ಕೊಂದು ಕೂಡಿಸಿಕೊಂಡ. ಎಲ್ಲವನ್ನೂ ಹೇಳಿದ. ಮೊದಲ ಬಾರಿಗೆ ಅವನು ಮಾತಿನ ನಡುವೆ ಒಮ್ಮೆಯೂ ಆಯ್ತು ಎನ್ನಲಿಲ್ಲ.

ಓದಕ್ಕ ಬೈಯಲಿಲ್ಲ. ರಿಜಿಸ್ಟರು ತೆಗೆದರು. ಮೂರು ದಿನಗಳಲ್ಲಿ ರೆಟಿನಾ ವಿಭಾಗದಿಂದ ಮನೆಗೆ ಹೋದವರು ಹತ್ತೊಂಬತ್ತು ಜನ. ಹದಿನಾರು ಪತ್ರ ಓದಿದವರು ಓದಕ್ಕ. ಆ ಹದಿನಾರರಲ್ಲೂ ಇಲ್ಲದ ಪ್ಯಾರಾಗಳನ್ನು ಅವರ ಬಾಯಿ ತಾನಾಗಿಯೇ ತುಂಬಿ ಓದಿತ್ತು. ಇಲ್ಲವೆಂಬುದು ಅವರಿಗೂ ತಿಳಿಯಲಿಲ್ಲ, ಕೇಳುವವರಿಗೂ ತಿಳಿಯಲಿಲ್ಲ. ಉಳಿದ ಮೂರನ್ನು ಮಂಗಳವಾರ ಅವರು ಊಟಕ್ಕೆ ಹೋದಾಗ ಓದಿದವನು ಆಯ್ತಪ್ಪ. ಅವನು ಅಚ್ಚಾಗಿದ್ದನ್ನು ಮಾತ್ರ ಓದಿದ್ದ.

ಆ ಮೂವರಲ್ಲಿ ಒಬ್ಬ ಗಡಿಯಾರ ರಿಪೇರಿಯವನ ನೆನಪು ಅವನಿಗೆ ಸ್ಪಷ್ಟವಾಗಿತ್ತು. ದೂರದ ಇನ್ನೊಂದು ಪಟ್ಟಣದವನು, ಹೆಂಡತಿಯ ಜತೆ ಬಂದಿದ್ದ. ಹರಿದ ಪರದೆಯನ್ನು ಕೂರಿಸಿ, ಅದು ಜಾಗ ಬಿಡದಂತೆ ಒತ್ತಿ ಹಿಡಿಯಲು ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ಬಿಟ್ಟಿದ್ದರು. ಪತ್ರದ ನಡುವೆ ಎರಡು ಸಾಲಿನಷ್ಟು ಜಾಗ ಖಾಲಿ ಇತ್ತು. ಪ್ಯಾರಾ ಬದಲಾಗುತ್ತದೆಂದುಕೊಂಡ ಆಯ್ತಪ್ಪ ಅಲ್ಲಿ ಉಸಿರು ಎಳೆದುಕೊಂಡಿದ್ದ. ಓದಿ ಮುಗಿಸಿದಾಗ ಆ ಹೆಂಗಸು, "ಎರಡು ದಿನ ಬಸ್ಸಲ್ಲಿ ಕುಲುಕಿಸ್ಕೊಂಡು ಯಾಕೆ ಬರ್ತೀರ ಅಂತ ನಮ್ಮಣ್ಣ ವಿಮಾನದ ಟಿಕೆಟ್ ಮಾಡ್ಸಿದ್ದಾನೆ. ನಾಳೆ ಸಂಜೆ ಐದೂಮುಕ್ಕಾಲಿಗೆ" ಎಂದಿದ್ದಳು. ಆಯ್ತಪ್ಪ ಒಳ್ಳೇದಾಯ್ತು ಎಂದಿದ್ದ.

ಅವನು ಉಸಿರು ಎಳೆದುಕೊಂಡ ಜಾಗದಲ್ಲಿ ಇರಬೇಕಾದದ್ದು ನಲವತ್ತೇಳನೆಯ ತುಣುಕು. ವಿಮಾನ ಮೇಲೇರಿದಂತೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣಿನ ಗುಳ್ಳೆ ಹಿಗ್ಗುತ್ತದೆ, ಹಿಗ್ಗಿದ ಗುಳ್ಳೆ ಕಣ್ಣನ್ನು ಒಳಗಿನಿಂದ ಅದುಮಿ ದೃಷ್ಟಿಯನ್ನೇ ಆರಿಸಬಹುದು. ಅವಳು ಹೇಳಿದ ನಾಳೆ ಆ ಬುಧವಾರವೇ, ಆಗ ಗಂಟೆ ನಾಲ್ಕಾಗಲು ಹತ್ತು ನಿಮಿಷ.

ಮೂವರಲ್ಲಿ ಇಬ್ಬರು ಮೊದಲ ಕರೆಗೇ ಸಿಕ್ಕರು. ಇಬ್ಬರೂ ಮನೆಯಲ್ಲೇ ಇದ್ದರು. ಗಡಿಯಾರದವನ ಹೆಸರಿನ ಮುಂದೆ ಇದ್ದದ್ದು ಅವನ ಅಂಗಡಿಯ ನಂಬರು. ಎತ್ತಿಕೊಂಡವನು ಟಿಕೆಟ್ ಮಾಡಿಸಿದ ಭಾವಮೈದುನ.

"ಅವರಾಗ್ಲೇ ಲಾಡ್ಜ್ ಬಿಟ್ಟಿದ್ದಾರೆ. ತಂಗಿ ಫೋನ್ ಕೊಡ್ತೀನಿ, ಬರ್ಕೊಳ್ಳಿ. ಆದ್ರೆ ಸಿಗಲ್ಲ ಅಮ್ಮ. ವಿಮಾನದಲ್ಲಿ ಫೋನ್ ಆರಿಸ್ಬೇಕು ಅಂತ ನಾನೇ ಹೇಳ್ಕೊಟ್ಟಿದ್ದೆ. ಅವಳು ಲಾಡ್ಜಲ್ಲೇ ಆರಿಸಿರ್ತಾಳೆ."

ಹಾಗೆಯೇ ಆಗಿತ್ತು.

"ಗಾಡಿ ತೆಗಿ," ಎಂದರು ಓದಕ್ಕ. "ನೀನು ರಸ್ತೆಯಲ್ಲಿ ಹೋಗು, ನಾನು ಫೋನಲ್ಲಿ ಹೋಗ್ತೀನಿ. ಯಾರು ಮೊದಲು ಮುಟ್ಟಿದ್ರೂ ಸರಿ."

"ಅಕ್ಕ, ಆ ತುಣುಕು ಬೇಕಲ್ಲ. ಹಳೇ ಯಂತ್ರ ಹೊತ್ತಿಸಿ ಮುದ್ರಿಸೋಕೆ ಕಾಲು ಗಂಟೆ ಆಗುತ್ತೆ."

ಅವರು ಒಂದು ಹಾಳೆ ಎಳೆದುಕೊಂಡು ಬರೆಯತೊಡಗಿದರು. ಪೆನ್ನು ಎಲ್ಲಿಯೂ ತಡೆಯಲಿಲ್ಲ, ಯೋಚಿಸಲು ಮೇಲೆ ನೋಡಲಿಲ್ಲ. ಮುಗಿಸಿ ಅವನ ಕೈಗಿಟ್ಟರು. ಮರುದಿನ ಅವನು ಹಳೆಯ ಯಂತ್ರವನ್ನು ಹೊತ್ತಿಸಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ. ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ. ಅಲ್ಪವಿರಾಮಗಳೂ ತಂತಮ್ಮ ಜಾಗದಲ್ಲಿದ್ದವು.

ವಿಮಾನ ನಿಲ್ದಾಣಕ್ಕೆ ಸ್ಕೂಟರಿನಲ್ಲಿ ಒಂದು ಗಂಟೆಯ ದಾರಿ. ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು ವಾಹನಗಳು ಇರುವೆಯ ಸಾಲಿನಂತೆ ಸರಿಯುತ್ತಿದ್ದವು. ಆಯ್ತಪ್ಪ ಕಾಲುದಾರಿಯ ಮೇಲೆ ಗಾಡಿ ಹತ್ತಿಸಿದ, ಬೈಸಿಕೊಂಡ, ಮತ್ತೆ ಇಳಿಸಿದ. ಅಂಗಿಯ ಜೇಬಿನಲ್ಲಿ ಹಾಳೆ ಸದ್ದು ಮಾಡುತ್ತಿತ್ತು. ಹನ್ನೆರಡು ವರ್ಷಗಳ ಕೆಲಸದಲ್ಲಿ ಅವನು ತಪ್ಪಿನ ಸೂಚನೆಗಳನ್ನೆಲ್ಲ ರಗಳೆಯೆಂದೇ ತಿಳಿದಿದ್ದ. ಬಾಯಿ ಮುಚ್ಚಿಸಿದರೆ ಕೆಲಸ ಮುಗಿಯಿತೆಂದು ತಿಳಿದಿದ್ದ. ಎಷ್ಟು ಕಡೆ ಹಾಗೆ ಮುಚ್ಚಿಸಿದ್ದೇನೆಂದು ಎಣಿಸಲು ಹೋಗಿ, ಅರ್ಧಕ್ಕೇ ಬಿಟ್ಟ.

ಐದು ಗಂಟೆ ನಾಲ್ಕು ನಿಮಿಷಕ್ಕೆ ಅವನು ನಿರ್ಗಮನದ ಬಾಗಿಲು ಮುಟ್ಟಿದ. ಟಿಕೆಟ್ ಇಲ್ಲದೆ ಒಳಗೆ ಬಿಡಲಾಗದೆಂದು ಕಾವಲಿನವನು ಕೈ ಅಡ್ಡ ಹಿಡಿದ. ಆಯ್ತಪ್ಪ ಜೇಬಿನಿಂದ ಹಾಳೆ ತೆಗೆಯುವಷ್ಟರಲ್ಲಿ ಒಳಗೆ ಚಾವಣಿಯ ಧ್ವನಿವರ್ಧಕಗಳು ಮೆಲ್ಲನೆ ಘಂಟೆ ಬಾರಿಸಿದವು. ಹುಡುಗಿಯೊಬ್ಬಳ ದನಿ ಕೇಳಿತು.

"ಕಣ್ಣಾಸ್ಪತ್ರೆಯಿಂದ ಹೊರಟಿರುವ, ಒಂದು ಕಣ್ಣಿಗೆ ಪಟ್ಟಿ ಕಟ್ಟಿರುವ ಗಡಿಯಾರ ರಿಪೇರಿಯವರ ಗಮನಕ್ಕೆ. ನಿಮ್ಮ ಕಣ್ಣಿನೊಳಗೆ ಅನಿಲದ ಒಂದು ಗುಳ್ಳೆಯನ್ನು ಇಟ್ಟಿದ್ದೇವೆ. ಅದು ತಾನಾಗಿ ಕರಗುತ್ತದೆ. ಪೂರ್ತಿ ಕರಗಿದೆಯೆಂದು ನಾವು ಹೇಳುವವರೆಗೆ ವಿಮಾನ ಹತ್ತಬೇಡಿ, ಬೆಟ್ಟದ ದಾರಿ ಹಿಡಿಯಬೇಡಿ. ಎತ್ತರಕ್ಕೆ ಹೋದಂತೆ ಗುಳ್ಳೆ ಹಿಗ್ಗುತ್ತದೆ, ಹಿಗ್ಗಿದರೆ ದೃಷ್ಟಿ ಹೋಗಬಹುದು. ದಯವಿಟ್ಟು ವಿಚಾರಣೆಯ ಕೌಂಟರಿಗೆ ಬನ್ನಿ."

ಆಯ್ತಪ್ಪ ಜೇಬಿನಲ್ಲಿ ಕೈಯಿಟ್ಟುಕೊಂಡೇ ಕೇಳಿದ. ದನಿ ಯಾರದೋ, ಆದರೆ ನಿಲುಗಡೆಗಳು ಓದಕ್ಕನವು. ಅಲ್ಪವಿರಾಮಕ್ಕೆ ಚಿಕ್ಕದು, ಪೂರ್ಣವಿರಾಮಕ್ಕೆ ದೊಡ್ಡದು. ತಾನು ಒಂದೇ ಸಾಲಿನಲ್ಲಿ ಇಲ್ಲವಾಗಿಸಿದ್ದ ಪ್ಯಾರಾ ಆ ದೊಡ್ಡ ಹಾಲಿನ ಚಾವಣಿಯಿಂದ ಸಾವಿರ ಜನರ ತಲೆಯ ಮೇಲೆ ಇಳಿಯುತ್ತಿತ್ತು. ಸೂಟ್‌ಕೇಸ್ ಎಳೆಯುತ್ತಿದ್ದವರು ನಿಂತರು. ಮಗುವಿಗೆ ಹಾಲು ಕುಡಿಸುತ್ತಿದ್ದವಳು ತಲೆಯೆತ್ತಿದಳು. ಆ ಕ್ಷಣ ಅಲ್ಲಿದ್ದವರೆಲ್ಲ, ಯಾರದೋ ಕಣ್ಣಿನೊಳಗಿನ ಕಾಣದ ಗುಳ್ಳೆಯೊಂದನ್ನು ಕುರಿತು ಯೋಚಿಸುತ್ತಿದ್ದರು.

"ಇದೇನ್ರೀ ಇದು," ಎಂದ ಕಾವಲಿನವನು. "ವಿಮಾನ ಹತ್ತಬೇಡಿ ಅಂತ ವಿಮಾನ ನಿಲ್ದಾಣದಲ್ಲೇ ಹೇಳ್ತಿದ್ದಾರಲ್ಲ."

"ಹೇಳ್ತಿರೋದು ನಮ್ಮಕ್ಕ," ಎಂದ ಆಯ್ತಪ್ಪ.

ಆಮೇಲೆ ತಿಳಿದದ್ದು ಇಷ್ಟು. ಓದಕ್ಕ ಐದು ನಂಬರುಗಳಿಗೆ ಕರೆ ಮಾಡಿದ್ದರು. ಐದನೆಯ ಕರೆ ಎತ್ತಿದ ನಿಲ್ದಾಣದವನು, ಪ್ರಯಾಣಿಕರ ಹೆಸರು ಕೂಗುವುದಷ್ಟೇ ನಮ್ಮ ನಿಯಮ, ಕಥೆ ಹೇಳುವುದಿಲ್ಲ ಎಂದ. "ಹೆಸರು ಕೂಗಿದ್ರೆ ಏನಾಗಿದೆಯೋ ಅಂತ ಗಾಬರಿಯಾಗಿ ತಲೆ ಎತ್ಕೊಂಡು ಓಡ್ತಾರೆ. ತಲೆ ಎತ್ತಬಾರದು ಅವರು. ವಿಷಯ ಗೊತ್ತಾದ್ರೆ ನಿಧಾನಕ್ಕೆ ಬರ್ತಾರೆ. ನಿಮ್ಮಲ್ಲಿ ಕೂಗೋರು ಯಾರೋ ಅವರನ್ನೇ ಕರೀರಿ" ಎಂದು ಓದಕ್ಕ ಹೇಳಿ, ಫೋನು ಇಡದೆ ಕಾದರು. ಕೂಗುವ ಹುಡುಗಿ ಬಂದಾಗ ಸಾಲು ಸಾಲಾಗಿ ಹೇಳಿ ಬರೆಸಿದರು. ಅಲ್ಪವಿರಾಮವನ್ನೂ ಬರೆಯಬೇಕೇ ಎಂದು ಅವಳು ಕೇಳಿದಳಂತೆ. ಬರೀಮ್ಮ, ಅಲ್ಲಿ ಉಸಿರು ತಗೋ, ಕೇಳೋರಿಗೂ ಒಂದು ಉಸಿರು ಬೇಕು ಎಂದರಂತೆ ಇವರು.

ಹನ್ನೊಂದು ನಿಮಿಷಗಳ ನಂತರ ಗಡಿಯಾರದವನು ಹೊರಬಂದ. ಹೆಂಡತಿ ಮೊಣಕೈ ಹಿಡಿದಿದ್ದಳು. ಅವನು ತಲೆ ತಗ್ಗಿಸಿ, ನೆಲದ ಹಾಸುಗಲ್ಲುಗಳನ್ನು ಎಣಿಸುವವನಂತೆ ನಿಧಾನವಾಗಿ ನಡೆದು ಬಂದ. ಆಯ್ತಪ್ಪ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮುಖ ಕಾಣಲೆಂದು ತಾನು ನೆಲದ ಮೇಲೆ ಕೂತ.

"ಡಾಕ್ಟರಮ್ಮ ಹೇಳಿದ್ರಪ್ಪ, ಎತ್ತರಕ್ಕೆ ಹೋಗ್ಬೇಡಿ ಅಂತ," ಎಂದ ಗಡಿಯಾರದವನು. "ಅದಕ್ಕೇ ಲಾಡ್ಜಲ್ಲಿ ಕೆಳಗಿನ ರೂಮೇ ಕೇಳಿ ತಗೊಂಡೆ. ವಿಮಾನದಲ್ಲಿ ಕೂತ್ಕೊಂಡೇ ಇರ್ತೀವಲ್ಲ, ಅದು ಎತ್ತರ ಅಂತ ಅನ್ನಿಸ್ಲೇ ಇಲ್ಲ."

"ಇವರಿಗೆ ಹೇಳೋದೂ ಒಂದೇ, ಗೋಡೆ ಗಡಿಯಾರಕ್ಕೆ ಹೇಳೋದೂ ಒಂದೇ," ಎಂದಳು ಹೆಂಡತಿ. ಅವಳ ಕೈ ಮಾತ್ರ ಗಂಡನ ಮೊಣಕೈಯನ್ನು ಬಿಟ್ಟಿರಲಿಲ್ಲ.

"ತಪ್ಪು ಅವರದ್ದಲ್ಲ ಅಮ್ಮ. ನಿನ್ನೆ ಓದಿದ್ದು ನಾನು. ಒಂದು ಪ್ಯಾರಾ ಬಿಟ್ಟುಹೋಗಿತ್ತು. ಬಿಟ್ಟುಹೋಗೋ ಹಾಗೆ ಮಾಡಿದ್ದೂ ನಾನೇ."

"ಗಡಿಯಾರ ಬಿಚ್ಚಿ ಕಟ್ಟಿದ ಮೇಲೆ ಒಂದು ಸ್ಕ್ರೂ ಉಳಿದಿರುತ್ತೆ ನೋಡು," ಎಂದ ಗಡಿಯಾರದವನು. "ಗಡಿಯಾರ ನಡೀತಾನೇ ಇರುತ್ತೆ. ಆ ಸ್ಕ್ರೂನ ಡಬ್ಬಿಗೆ ಹಾಕಿ ಸುಮ್ನಾಗೋನು ಒಬ್ಬ, ಮತ್ತೆ ಬಿಚ್ಚೋನು ಒಬ್ಬ. ನೀನು ಮತ್ತೆ ಬಿಚ್ಚಿದ್ದೀಯ. ಹೋಗ್ಲಿ ಬಿಡು. ಈಗ ಆ ಪ್ಯಾರಾ ಓದು."

ಆಯ್ತಪ್ಪ ಹಾಳೆ ಬಿಡಿಸಿ ಓದಿದ. ಅಲ್ಪವಿರಾಮದಲ್ಲಿ ನಿಂತ.

ಗುರುವಾರ ಬೆಳಗ್ಗೆ ಓದಕ್ಕ ಉಳಿದ ಹದಿನಾರು ಜನರಿಗೂ ಕರೆ ಮಾಡಿದರು. ಹೊಸ ಪತ್ರ ಕಳಿಸುವುದು ಹೇಗೂ ಇತ್ತು. ಆದರೆ ಅದು ಮುಟ್ಟುವ ತನಕ ಅವರ ಬಳಿ ಇರುವುದು ಕಿವಿಗೆ ಬಿದ್ದದ್ದು ಮಾತ್ರ. ಫೋನಿನ ದನಿ ಆಯ್ತಪ್ಪನಿಗೂ ಕೇಳುವಂತೆ ಇಟ್ಟುಕೊಂಡು, "ನಾನು ಏನು ಓದಿದ್ದೆ, ಒಂದ್ಸಲ ಹೇಳಿ ನೋಡೋಣ" ಎಂದು ಒಬ್ಬೊಬ್ಬರನ್ನೇ ಕೇಳಿದರು. ಆಯ್ತಪ್ಪ ತುಣುಕಿನ ಪ್ರತಿ ಹಿಡಿದು ಗುರುತು ಹಾಕುತ್ತ ಹೋದ. ಹದಿನಾಲ್ಕು ಜನ ಮುಖ್ಯವಾದದ್ದನ್ನು ಒಂದೂ ಬಿಡದೆ ಹೇಳಿದರು. ತಡವರಿಸಿದ ಇಬ್ಬರಿಗೆ ಓದಕ್ಕ ಫೋನಿನಲ್ಲೇ ಮತ್ತೆ ಓದಿ ಹೇಳಿದರು. ಬಡಗಿಯೂ ಅವನ ಹೆಂಡತಿಯೂ ಗಂಟೆಯ ಲೆಕ್ಕದಲ್ಲಿ ಮತ್ತೆ ಜಗಳವಾಡಿದರು, ಗುಳ್ಳೆಯ ವಿಷಯದಲ್ಲಿ ಮಾತ್ರ ಒಂದೇ ಮಾತು. ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ಗಾರೆಯವನು ಶುರುವಿನಿಂದ ಕೊನೆಯ ತನಕ ಪದಶಃ ಹೇಳಿದ, ನಿಲ್ಲಬೇಕಾದಲ್ಲಿ ನಿಂತು. ಎಲ್ಲಿ ಕಲಿತಿರಿ ಎಂದು ಕೇಳಿದರೆ, "ನೀವು ಓದುವಾಗ ಕೇಳ್ಕೊಂಡೆ ತಾಯಿ, ಮತ್ತೆ ನನಗೆ ಓದೋಕೆ ಬರಲ್ಲವಲ್ಲ" ಎಂದ.

ಆಯ್ತಪ್ಪ ಗುರುತು ಹಾಕುವುದನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತ ಕೂತ. ಆ ಮುಖದಲ್ಲಿ ಸಂತೋಷದ ಗೆರೆಯೂ ಇರಲಿಲ್ಲ.

"ಅಕ್ಕ, ಯಂತ್ರ ಕಳೆದದ್ದನ್ನ ನೀವು ಇಷ್ಟು ಜನರ ತಲೆಯಲ್ಲಿ ಇಟ್ಟಿದ್ದೀರಿ," ಎಂದ.

"ನಾನು ಕಾಗದ ಓದಿದ್ದಿದ್ರೆ ಸೋಮವಾರ ಹತ್ತು ಗಂಟೆಗೇ ಗೊತ್ತಾಗ್ತಿತ್ತು ಕಣೋ," ಎಂದರು ಓದಕ್ಕ. "ಕಣ್ಣು ಕಾಗದದ ಮೇಲಿತ್ತು, ಬಾಯಿ ನೆನಪಿಂದ ಓದ್ತಿತ್ತು. ಇದ್ದದ್ದು ಓದು, ಇರಬೇಕಾದ್ದು ಓದಬೇಡ ಅಂತ ನಮ್ಮಪ್ಪ ಒಂಬತ್ತು ವರ್ಷ ಹೇಳಿದ್ರು. ನೀನು ಓದಿದ್ದೇ ಸರಿಯಾದ ಓದು. ಆ ಮನುಷ್ಯನಿಗೆ ಕುತ್ತು ಬಂದದ್ದು ನನ್ನ ಬಾಯಿಪಾಠದಿಂದ."

ಮೂರು ವರ್ಷ ಪಕ್ಕದಲ್ಲಿ ಕೂತವನಿಗೆ ಅಂದು ಅವರ ಎತ್ತರ ತಿಳಿಯಿತು. ಎಲ್ಲರೂ ಹೊಗಳಬಹುದಾದ ಗುಣವೊಂದನ್ನು ಕರಡಿನ ಹಾಳೆಯ ಮೇಲಿನ ತಪ್ಪಿನಂತೆ ಹಿಡಿದು ಗುರುತು ಹಾಕಿದ್ದರು ಅವರು. ಅದಕ್ಕೆ ತಿದ್ದುಪಡಿಯನ್ನೂ ಅವರೇ ಮಾಡಿದರು. ಮುಂದಿನ ವಾರದಿಂದ ಪತ್ರ ಓದಲು ಇಬ್ಬರು. ಒಬ್ಬರು ಓದುವುದು, ಇನ್ನೊಬ್ಬರು ಸಾಲುಗಳ ಮೇಲೆ ಬೆರಳಾಡಿಸುತ್ತ ಕಣ್ಣಿಡುವುದು. ಆಯ್ತಪ್ಪ ತನ್ನ ಸಾಲನ್ನು ಕಿತ್ತು ಹಾಕಿ ಕಪ್ಪು ಚೌಕವನ್ನು ಮತ್ತೆ ತಂದ, ಹನ್ನೊಂದು ತುಣುಕುಗಳನ್ನೂ ಉಳಿದವುಗಳ ಜತೆಗೇ ಇಟ್ಟ, ಖಾಲಿ ಕಡತಗಳೊಳಗೆ 'ಇದು ಬೇಕೆಂದೇ ಖಾಲಿ' ಎಂದು ಪತ್ರದಲ್ಲಿ ಅಚ್ಚಾಗದ ಒಂದು ಟಿಪ್ಪಣಿ ಬರೆದ.

ಗಡಿಯಾರದವನು ಡಾಕ್ಟರಮ್ಮನ ಒಪ್ಪಿಗೆ ಪಡೆದು ಬಯಲು ದಾರಿಯ ರೈಲಿನಲ್ಲಿ ಊರಿಗೆ ಹೋದ. ಅಲ್ಲಿಂದ ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಕೌಂಟರಿಗೆ ಫೋನು ಮಾಡಿ ಗುಳ್ಳೆಯ ಸಮಾಚಾರ ಹೇಳುತ್ತಿದ್ದ. ಮೊದಲ ವಾರ ಬರೀ ಮಂಜು. ಎರಡನೆಯ ವಾರ, "ಮೇಲುಗಡೆ ಬೆಳಗಾಗಿದೆ, ಕೆಳಗೆ ಕೆರೆ ತುಂಬಿದಂಗಿದೆ. ತಲೆ ಅಲುಗಿದ್ರೆ ನೀರೂ ಅಲುಗುತ್ತೆ." ನಾಲ್ಕನೆಯ ವಾರ ಕೆರೆ ಅರ್ಧಕ್ಕೆ ಇಳಿದಿತ್ತು. ಆರನೆಯ ವಾರ ಗೋಲಿಯಷ್ಟಾಗಿತ್ತು. "ಎಲ್ಲಿ ನೋಡಿದ್ರೂ ಜೊತೆಗೇ ಉರುಳ್ಕೊಂಡು ಬರುತ್ತೆ, ಒಂಥರಾ ಸ್ನೇಹ ಆಗ್ಬಿಟ್ಟಿದೆ" ಎಂದ.

ಎಂಟನೆಯ ಶನಿವಾರ ಫೋನು ಬಂದಾಗ ಇಬ್ಬರೂ ಒಬ್ಬ ಅಜ್ಜಿಗೆ ಪತ್ರ ಓದಿ ಮುಗಿಸಿದ್ದರಷ್ಟೇ.

"ಗುಳ್ಳೆ ಹೋಯ್ತು ಅಂತ ಇಲ್ಲಿಯ ಡಾಕ್ಟರೂ ಬರೆದುಕೊಟ್ರು," ಎಂದ ಗಡಿಯಾರದವನು. "ಇನ್ನೂ ಸ್ವಲ್ಪ ಮಸುಕಿದೆ. ಇವತ್ತು ಆ ಕಣ್ಣಿಗೇ ಭೂತಗನ್ನಡಿ ಸಿಕ್ಕಿಸ್ಕೊಂಡು ಕೂತಿದ್ದೀನಿ. ಕೈಗಡಿಯಾರದ ಒಂದು ಚಕ್ರ ಇದೆ ಮುಂದೆ, ಸಾಸಿವೆಗಿಂತ ಒಂಚೂರು ದೊಡ್ಡದು. ಹದಿನೈದು ಹಲ್ಲಿರ್ಬೇಕು. ತಾಳಿ, ಎಣಿಸ್ತೀನಿ."

ಅವನು ಎಣಿಸತೊಡಗಿದ. ಒಂದು, ಎರಡು, ಮೂರು. ಓದಕ್ಕ ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದರು. ಏಳರ ಬಳಿ ಅವನು ತಡೆದ, ಉಸಿರು ಬಿಗಿಹಿಡಿದದ್ದು ಇಲ್ಲಿಗೂ ಕೇಳಿಸಿತು, ಮತ್ತೆ ಎಂಟು ಎಂದ. ಏನೆಂದು ತಿಳಿಯದ ಅಜ್ಜಿಯೂ ಕಿವಿಗೊಟ್ಟು ನಿಂತರು. ಹದಿನೈದು ಬರುವ ತನಕ ಕೌಂಟರಿನಲ್ಲಿ ಯಾರೂ ಮಾತಾಡಲಿಲ್ಲ.